ಎಲ್ಲರ ಉಪವಾಸ ಹಿಡಿದ ಸಲಹೆಗಾರ

ಮನುಷ್ಯನಿಗೆ ತನ್ನ ಮೇಲೆ ನಂಬಿಕೆ ಇರಬೇಕು. ನನಗೆ ಸ್ವಲ್ಪ ಹೆಚ್ಚೇ ಇತ್ತು. ಎಪ್ಪತ್ತರ ದಶಕದ ಕೊನೆಯಲ್ಲಿ ಆಳಂದದ ಕಾಲೇಜೊಂದರಲ್ಲಿ ಇತಿಹಾಸ ಹೇಳುತ್ತಿದ್ದ ನನ್ನನ್ನು ಪ್ರಿನ್ಸಿಪಾಲರು ಕರೆಸಿದರು.

"ವಿಶ್ವವಿದ್ಯಾಲಯದವರು ಹಾಸ್ಟೆಲಿಗೆ ಒಬ್ಬ ಸರ್ವಧರ್ಮ ಸಲಹೆಗಾರ ಬೇಕಂದಾರ್ರಿ. ಹುಡುಗರಿಗಿ ದುಃಖ ಬಂದ್ರ ಅವರವರ ಧರ್ಮದ ರೀತಿ ಸಮಾಧಾನ ಹೇಳೋದು. ಕಮಿಟಿ ಬಂದು ನೋಡಿ ಮಾನ್ಯತೆ ಕೊಡ್ತದ."

ತಕ್ಷಣ ಒಪ್ಪಿಕೊಂಡೆ. ಸಮಾಧಾನ ಹೇಳುವುದೆಂದರೆ ಮಾತಾಡುವುದು ತಾನೇ? ಮಾತಾಡುವುದಕ್ಕೇ ನನಗೆ ಸಂಬಳ ಬರುತ್ತಿತ್ತು.

ಹಾಸ್ಟೆಲಿನಲ್ಲಿ ಲಿಂಗಾಯತರು, ಮುಸ್ಲಿಮರು, ಬೌದ್ಧರು, ಎಲ್ಲರ ಮನೆಯ ಹುಡುಗರೂ ಇದ್ದರು. ಎಲ್ಲರಿಗೂ ಹೊಂದುವ ಸಮಾಧಾನದ ಮಾತುಗಳನ್ನು ಬಾಯಿಪಾಠ ಮಾಡಿ ಕಾದೆ. ಒಬ್ಬನಿಗೂ ದುಃಖ ಬರಲಿಲ್ಲ! ಬಂದರೂ ನನ್ನ ಹತ್ತಿರ ಬರಲಿಲ್ಲ. ಅಷ್ಟರಲ್ಲಿ ಕಮಿಟಿ ಬರುವ ದಿನ ಗೊತ್ತಾಯಿತು. ಆಗ ನಾನೊಂದು ಐತಿಹಾಸಿಕ ನಿರ್ಣಯ ಕೈಗೊಂಡೆ. ಆ ದಿನ ಎಲ್ಲರ ಉಪವಾಸವನ್ನೂ ಹಿಡಿದು ಎಲ್ಲರ ಮನಸ್ಸನ್ನೂ ಗೆಲ್ಲುವುದು.

ಅಂದು ಸೋಮವಾರ, ಅದು ನಮ್ಮ ಮನೆಯ ಉಪವಾಸ. ರಮಜಾನ್ ತಿಂಗಳು, ಹಾಗಾಗಿ ಹೊತ್ತು ಮುಳುಗುವವರೆಗೆ ಹನಿ ನೀರೂ ಇಲ್ಲ. ಸಾಲದ್ದಕ್ಕೆ ಹುಣ್ಣಿಮೆ. ಬೌದ್ಧ ಹುಡುಗರ ಮನೆಯ ಹಿರಿಯರು ಅಂದು ಮಧ್ಯಾಹ್ನದ ಮೇಲೆ ಉಣ್ಣುತ್ತಿರಲಿಲ್ಲ. ಮೂರನ್ನೂ ಕೂಡಿಸಿದರೆ ಬಾಯಿಗೆ ಏನಾದರೂ ಹಾಕಿಕೊಳ್ಳಲು ಉಳಿದದ್ದು ನಸುಕಿನ ಜಾವ ಒಂದೇ. ಆಗ ನಾನು ಗೊರಕೆ ಹೊಡೆಯುತ್ತಿದ್ದೆ.

"ರೀ, ಯಾವುದಾರ ಒಂದು ಧರ್ಮದಾಗ ಊಟ ಮಾಡ್ರಿ," ಎಂದಳು ಹೆಂಡತಿ ಶಾಂತಾ.

"ಇದು ಕರ್ತವ್ಯ," ಎಂದು ಗಂಭೀರವಾಗಿ ಹೇಳಿ ಹೊರಟೆ.

ಮಧ್ಯಾಹ್ನ ಪಾಠ ಹೇಳುವಾಗ ಬೋರ್ಡಿನ ಮೇಲೆ ಅಕ್ಬರನೂ ಅಶೋಕನೂ ಒಟ್ಟಿಗೆ ತೇಲಾಡತೊಡಗಿದರು. ಕೋಣೆಗೆ ಬಂದು ಕೂತೆ. ಆಗ ಬಾಗಿಲಲ್ಲಿ ಸಿದ್ರಾಮ ನಿಂತಿದ್ದ. ಅಫಜಲಪುರದ ಕಡೆಯ ಹಳ್ಳಿಯವನು, ತಾಯಿಯಿಲ್ಲದ ಹುಡುಗ. ಅವನನ್ನು ಸಾಕಿದ್ದು ಅಜ್ಜಿ, ಅವನ ಬಾಯಲ್ಲಿ 'ಆಯಿ'.

"ಸರ್, ನಮ್ಮ ಆಯಿ ತೀರಿಕೊಂಡಾಳಂತ್ರಿ. ಸಂಜೀಕ ಮಣ್ಣು ಮಾಡ್ತಾರ್ರಿ. ಮೂರರ ಬಸ್ಸಿಗಿ ಹೋಗಾಕತ್ತೀನ್ರಿ. ನಿಮಗ ಹೇಳಿ ಹೋಗಬೇಕಂತ ಬಂದೆ."

ಕೊನೆಗೂ ಒಂದು ದುಃಖ ನನ್ನ ಬಾಗಿಲಿಗೆ ಬಂದಿತ್ತು! ಎದ್ದು ನಿಂತೆ. ಕೈ ಮೇಲೆತ್ತಿ "ಮಗಾ ಸಿದ್ರಾಮ, ಎಲ್ಲ ಧರ್ಮಗಳೂ..." ಎಂದೆ. ಅವು ಏನು ಹೇಳುತ್ತವೆ ಎನ್ನುವ ಮೊದಲೇ ನೆಲಕ್ಕೆ ಬಿದ್ದೆ.

ಕಣ್ಣು ಬಿಟ್ಟಾಗ ದವಾಖಾನೆಯಲ್ಲಿದ್ದೆ. ತೋಳಿಗೆ ಸಲೈನ್ ಹಚ್ಚಿದ್ದರು. ಸಿದ್ರಾಮ ನನ್ನ ಕಾಲು ತಿಕ್ಕುತ್ತ, "ಏನೂ ಆಗಂಗಿಲ್ಲ, ಧೈರ್ಯ ತಗೋರಿ ಸರ್," ಎನ್ನುತ್ತಿದ್ದ. ಗೋಡೆಯ ಗಡಿಯಾರದಲ್ಲಿ ಮೂರು ದಾಟಿತ್ತು. ಮುಂದಿನ ಬಸ್ಸು ಮರುದಿನ ಬೆಳಿಗ್ಗೆ.

ಅಷ್ಟರಲ್ಲಿ ಕಮಿಟಿಯವರು ನನ್ನನ್ನು ಹುಡುಕಿಕೊಂಡು ಅಲ್ಲಿಗೇ ಬಂದರು. ಅವರಲ್ಲಿ ಹಿರಿಯರು ಸಿದ್ರಾಮನನ್ನು ಕೇಳಿದರು: "ಏನಾಯಿತಪ್ಪ ಇವರಿಗೆ?"

"ನಮ್ಮ ಆಯಿ ಸತ್ತಾಳಂತ ಹೇಳಿದೆರಿ. ಕೇಳಿದ ಕೂಡ್ಲೆ ಸರ್ ಎಚ್ಚರ ತಪ್ಪಿ ಬಿದ್ರು."

ಹಿರಿಯರ ಕಣ್ಣು ಒದ್ದೆಯಾಯಿತು. "ಎಂಥ ಅಂತಃಕರಣ! ವಿದ್ಯಾರ್ಥಿಯ ದುಃಖಕ್ಕೆ ಮೂರ್ಛೆ ಹೋಗುವ ಸಲಹೆಗಾರರನ್ನು ನಾವು ಎಲ್ಲೂ ನೋಡಿಲ್ಲ." ನನಗೆ ಮಲಗಿದಲ್ಲೇ ಮಾನ್ಯತೆ ಸಿಕ್ಕಿತು. ಅದು ಹಸಿವೆಂದು ಗೊತ್ತಿದ್ದೂ ಕೈ ಮುಗಿದೆ.

ಶಾಂತಾ ಓಡಿ ಬಂದವಳು ನನ್ನತ್ತ ನೋಡಲೂ ಇಲ್ಲ. ಸಿದ್ರಾಮನ ಬಸ್ಸು ತಪ್ಪಿತೆಂದು ಕೇಳಿ, ಅವನ ಕೈ ಹಿಡಿದು ನಡೆದಳು. ಅಫಜಲಪುರಕ್ಕೆ ತೊಗರಿ ಚೀಲ ಒಯ್ಯುವ ಲಾರಿಯೊಂದನ್ನು ನಿಲ್ಲಿಸಿ ಹತ್ತಿಸಿ ಬಂದಳು.

ಅವನು ಮರಳಿ ಬಂದದ್ದು ಆಯಿಯ ದಿನಕರ್ಮ ಮುಗಿಸಿಕೊಂಡು. "ಮಣ್ಣಿನ ಹೊತ್ತಿಗೆ ಮುಟ್ಟಿದೇನಪಾ?" ಎಂದೆ.

"ಇಲ್ರಿ ಸರ್. ನಾ ಹೋಗೋದ್ರಾಗ ಮುಗಿದಿತ್ರಿ. ಮಾರಿ ನೋಡಾಕ ಆಗಲಿಲ್ಲ."

ನನ್ನ ಉಪವಾಸದ ಬಡಿವಾರಕ್ಕೆ ಅವನ ಆಯಿಯ ಕೊನೆಯ ಮುಖ ತಪ್ಪಿಹೋಗಿತ್ತು. ಇವತ್ತಿಗೂ ಅದು ನನ್ನನ್ನು ಸುಡುತ್ತದೆ. ಅವನು ಮಾತ್ರ ಚೀಲದಿಂದ ಹೋಳಿಗೆಯ ಗಂಟು ತೆಗೆದು ನನ್ನ ಮುಂದಿಟ್ಟ.

"ಆಯಿ ದಿನಕ್ಕ ಮಾಡಿದ್ದು ತಿನ್ರಿ. ಇವತ್ತು ಯಾವ ಉಪವಾಸನೂ ಇಲ್ಲಲ್ರಿ ಸರ್?"

ಮಾನ್ಯತೆ ಪಡೆದ ಸರ್ವಧರ್ಮ ಸಲಹೆಗಾರರು ಬಾಯಿ ತುಂಬ ಹೋಳಿಗೆ ಇಟ್ಟುಕೊಂಡು, ಇಲ್ಲ ಎಂದು ತಲೆ ಆಡಿಸಿದರು.