ನೆನಪು ಮರಳಿ ಪಡೆದ ಇಲಿಗಳಿಗೆ ಬಿಬವೇವಾಡಿಯ ಗಿರಣಿಯಿಂದ

ಗಾಜಿನ ಪಂಜರವಾಸಿಗಳೂ, ವಿಜ್ಞಾನಕ್ಕೆ ಮೈಯನ್ನೇ ಕೊಟ್ಟವರೂ ಆದ ಸಮಸ್ತ ಪ್ರಯೋಗಶಾಲೆಯ ಇಲಿಗಳ ಸನ್ನಿಧಿಗೆ.

ಮಾನ್ಯರೇ,

ಪುಣೆಯ ಬಿಬವೇವಾಡಿಯಲ್ಲಿ ಹಿಟ್ಟಿನ ಗಿರಣಿ ನಡೆಸುವ ಮಾಂತು ಮಾಡುವ ನಮಸ್ಕಾರಗಳು. ನಾವಿಲ್ಲಿ ಕ್ಷೇಮವೋ ಅಲ್ಲವೋ ಎಂಬುದನ್ನು ಮುಂದೆ ಓದಿ ತಾವೇ ತೀರ್ಮಾನಿಸಬೇಕು. ತಾವಲ್ಲಿ ಹೊತ್ತಿಗೆ ಸರಿಯಾಗಿ ಕಾಳು ನೀರು ಕಂಡು ಸುಖವಾಗಿರುವಿರೆಂದು ಕೇಳಿ ಸಂತೋಷವಾಯಿತು. ತಮ್ಮ ಪ್ರಯೋಗಶಾಲೆ ಯಾವ ದೇಶದಲ್ಲಿದೆ ಎಂದು ತಿಳಿಯದ ಕಾರಣ ಇದನ್ನು ಬಹಿರಂಗ ಪತ್ರವಾಗಿ ಬರೆಯಬೇಕಾಯಿತು. ನಾನು ಏಳನೇ ಇಯತ್ತೆಯನ್ನು ಎರಡು ಸಲ ಅರ್ಧಕ್ಕೇ ಬಿಟ್ಟವನು, ಆದ್ದರಿಂದ ತಪ್ಪುಗಳಿದ್ದರೆ ದಯವಿಟ್ಟು ಹೊಟ್ಟೆಗೆ ಹಾಕಿಕೊಳ್ಳಬೇಕು. ತಪ್ಪುಗಳನ್ನು ಮಾತ್ರ, ಕಾಗದವನ್ನಲ್ಲ.

ವಿಷಯವೇನೆಂದರೆ, ನನ್ನ ಅವ್ವ ಶಿವಬಸವ್ವನಿಗೆ ಎಪ್ಪತ್ತಾರು ವರ್ಷ, ಎರಡು ವರ್ಷದಿಂದ ಅಲ್ಝೈಮರ್ ಎಂಬ ಮರೆವಿನ ಕಾಯಿಲೆ. ಮೊದಲು ಚಹಾಕ್ಕೆ ಸಕ್ಕರೆ ಹಾಕಿದ್ದನ್ನು ಮರೆತಳು, ಆಮೇಲೆ ಚಹಾ ಕುಡಿದದ್ದನ್ನು ಮರೆತಳು, ಈಗ ಜನರ ಹೆಸರುಗಳು ಒಂದೊಂದಾಗಿ ಹೋಗುತ್ತಿವೆ. ಆ ಸಾಲಿನಲ್ಲಿ ನನ್ನ ಪಾಳಿ ಯಾವತ್ತು ಬರುತ್ತದೋ ಎಂಬುದೊಂದೇ ನನ್ನ ಚಿಂತೆ; ಬೇರೆ ಚಿಂತೆಗಳೂ ಉಂಟು, ಅವನ್ನು ಸದ್ಯಕ್ಕೆ ಬದಿಗಿಟ್ಟಿದ್ದೇನೆ.

ತಮ್ಮ ಕೀರ್ತಿಯನ್ನು ನಮ್ಮ ಮನೆಗೆ ತಂದವನು ಮೇಲಿನ ಮಹಡಿಯ ಮಧುಕರ್, ಬೆಂಗಳೂರು ಕಡೆಯವನು, ಕಂಪ್ಯೂಟರ್ ಕೆಲಸದವನು. ಒಂದು ದಿನ ಹಿಟ್ಟು ಒಯ್ಯಲು ಬಂದವನು ಫೋನು ನೋಡುತ್ತಲೇ, "ಅಂಕಲ್, ಗಾಂಜಾ ಗಿಡದಿಂದ ಕ್ಯಾನಬಿಡಿಯಾಲ್ ಅಂತ ಒಂದು ತೆಗೀತಾರೆ, ನಶೆ ಗಿಶೆ ಏನೂ ಏರಲ್ಲ. ಇಲಿಗಳಿಗೆ ಕೊಟ್ಟು ನೋಡಿದ್ದಾರೆ, ಮೆಮೊರಿ ಸಖತ್ ಇಂಪ್ರೂವ್ ಆಗಿದೆ" ಎಂದ. ಮನುಷ್ಯರಿಗೆ ಹೇಗೆ ಎಂದು ಕೇಳಿದರೆ, "ಅದಿನ್ನೂ ಕ್ಲಿಯರ್ ಇಲ್ಲ ಅಂಕಲ್. ಇಲಿ ಆಗಿದ್ರೆ ಧೈರ್ಯವಾಗಿ ಹೇಳ್ತಿದ್ದೆ" ಎಂದ. ನನ್ನ ಅವ್ವ ಇಲಿಯಾಗಲಿಲ್ಲವಲ್ಲ ಎಂದು ಒಬ್ಬ ಮಗ ಹಲುಬಿದ್ದು ಭೂಮಿಯ ಮೇಲೆ ಅದೇ ಮೊದಲಿರಬೇಕು.

ನರರೋಗದ ಡಾಕ್ಟರರೂ ಅದನ್ನೇ ನಿಧಾನವಾಗಿ ಹೇಳಿದರು: ಮನುಷ್ಯರ ಮೇಲಿನ ಪರೀಕ್ಷೆಗಳು ಚಿಕ್ಕವು, ಮರೆವು ವಾಸಿಯಾಗುತ್ತದೆ ಎಂದು ಯಾರೂ ಹೇಳಲಾರರು, ಚಡಪಡಿಕೆ ಇಳಿದು ನಿದ್ದೆ ಬಂದರೂ ಬರಬಹುದು, ಈಗಿನ ಗುಳಿಗೆ ಬಿಡಕೂಡದು, ಮಂಪರು ಹೆಚ್ಚಾದರೆ ಕೂಡಲೇ ತಿಳಿಸಬೇಕು. ಇಷ್ಟು ಹೇಳಿ ಚೀಟಿ ಬರೆದುಕೊಟ್ಟರು. ಗಾಂಜಾ ಎಂಬ ಶಬ್ದ ಕೇಳಿದಾಗಿನಿಂದ ನನ್ನ ಅಂಗೈ ಬೆವರುತ್ತಿದ್ದುದರಿಂದ ಆ ಚೀಟಿಯನ್ನು ಲ್ಯಾಮಿನೇಶನ್ ಮಾಡಿಸಿದೆ, ಅಂಗಿಯ ಕಿಸೆಯಲ್ಲಿಟ್ಟುಕೊಂಡೆ, ಸ್ನಾನಕ್ಕೆ ಹೋದಾಗ ಬಾಗಿಲಿನ ಮೊಳೆಗೆ ತೂಗುಹಾಕಿದೆ. ಯಾರೂ ಕರೆಯದಿದ್ದರೂ ನಾನಾಗಿಯೇ ಪೊಲೀಸ್ ಚೌಕಿಗೆ ಹೋಗಿ ತೋರಿಸಿಯೂ ಬಂದೆ. ಅಲ್ಲಿದ್ದ ಹವಾಲ್ದಾರ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಕಾಕಾ, ಘರೀ ಜಾ" ಎಂದು ಮರಾಠಿಯಲ್ಲಿ ಮನೆಯ ದಾರಿ ತೋರಿಸಿದ.

ಆ ಕ್ಯಾನಬಿಡಿಯಾಲ್ ಎಣ್ಣೆಯ ಎರಡು ಹನಿಯನ್ನು ದಿನಾ ಬೆಳಿಗ್ಗೆ ನಾಲಿಗೆಯ ಕೆಳಗೆ ಬಿಡಬೇಕೆಂದು ಅಪ್ಪಣೆಯಾಗಿತ್ತು. ಬೆಳಿಗ್ಗೆ ಎಂದರೆ ನಮ್ಮ ಮನೆಯಲ್ಲಿ ಲಿಂಗಪೂಜೆಯ ಹೊತ್ತು. ಮೂವತ್ತು ವರ್ಷದಿಂದ ನಾನು ಪೂಜೆ ಮುಗಿಸಿ ಅವ್ವನ ಅಂಗೈಗೆ ತೀರ್ಥ ಹಾಕುತ್ತ ಬಂದವನು, ಹಣೆಗೆ ವಿಭೂತಿ ಇರುವಾಗ ನನ್ನ ಕೈಯಿಂದ ಯಾವ ದ್ರವ ಬಿದ್ದರೂ ಅವಳಿಗೆ ಅದು ತೀರ್ಥವೇ. ಆಕೆ ಬಾಯಿ ತೆರೆಯದೆ ಅಂಗೈ ಒಡ್ಡಿದಳು. ಕೈಯಿಂದಲಾದರೂ ಬಾಯಿಗೆ ಹೋಗುತ್ತದಲ್ಲ ಎಂದು ನಾನು ಹನಿ ಬಿಟ್ಟು ಕಣ್ಣು ಮುಚ್ಚಿದೆ. ಅವಳು ತುಟಿಗೆ ಸೋಕಿಸಿದಂತೆ ಮಾಡಿ, ಉಳಿದದ್ದನ್ನು ಭಕ್ತಿಯಿಂದ ನೆತ್ತಿಗೆ ಒರೆಸಿಕೊಂಡಳು. ಹೀಗೆಯೇ ಎರಡು ತಿಂಗಳು ಸಾಗಿತು. ಕೊನೆಗೆ ನನ್ನ ಹೆಂಡತಿ ರೇಣು, "ರೀ, ಅತ್ತಿಯವರ ಕೂದಲಾ ನೋಡ್ರಿ, ಹೆಂಗ ಮಿಂಚಾಕತ್ತಾವ. ನಿಮ್ಮ ಎಣ್ಣಿ ತಲಿಗೆ ಮುಟ್ಟೇದ ಖರೆ, ಆದ್ರ ಹೊರಗಿಂದ" ಎಂದು ಸೆರಗು ಬಾಯಿಗಿಟ್ಟುಕೊಂಡಳು. ಇದು ಔಷಧ, ಬಾಯಿ ತೆಗಿ ಎಂದು ಅವ್ವನ ಮುಂದೆ ಕುಳಿತು ಬೇಡಿಕೊಂಡೆ. "ಪೂಜಿ ಮಾಡಿ ಬಂದು ಸುಳ್ಳ ಹೇಳತೀಯೇನೋ ಮಾಂತು, ಕೈಗೆ ಹಾಕು" ಎಂದು ಗದರಿಸಿದಳು. ಹೆಸರು ಹಿಡಿದು ಬೈದಳಲ್ಲ ಎಂಬ ಸಂತೋಷದಲ್ಲಿ ಅಂದು ಮತ್ತೆ ಕೈಗೇ ಹಾಕಿದೆ.

ತಾವು ಪಾಸಾದ ಪರೀಕ್ಷೆಯನ್ನು ಮಧುಕರ್ ಓದಿ ಹೇಳಿದ್ದ. ಒಂದು ಬದಿಗೆ ತಮಗೆ ಗುರುತಿನ ಇಲಿ, ಇನ್ನೊಂದು ಬದಿಗೆ ಹೊಸ ಇಲಿ; ನೆನಪು ನೆಟ್ಟಗಿದ್ದವರು ಗುರುತಿನವನನ್ನು ಬಿಟ್ಟು ಹೊಸಬನ ಹತ್ತಿರ ಹೋಗಿ ಹೆಚ್ಚು ಹೊತ್ತು ಮೂಸುತ್ತಾರೆ, ನೆನಪು ಹೋದವರಿಗೆ ಇಬ್ಬರೂ ಒಂದೇ. ಗ್ಯಾಸಿನ ಸಿಲಿಂಡರ್ ತರುವ ಹೊಸ ಹುಡುಗ ಭೀಮು ಮೊದಲ ಸಲ ಬಂದ ದಿನ ನಾನೂ ಈ ಪರೀಕ್ಷೆ ನಡೆಸಿದೆ. ಬಾಗಿಲಿನ ಒಂದು ಬದಿಗೆ ಅವನನ್ನು ನಿಲ್ಲಿಸಿ, ಇನ್ನೊಂದು ಬದಿಗೆ ನಾನು ನಿಂತೆ. ಅವ್ವ ಭೀಮುವನ್ನು ಕೂರಿಸಿ ಅವನ ಊರು, ಮಕ್ಕಳು, ಬೆನ್ನುನೋವು ಎಲ್ಲವನ್ನೂ ಹನ್ನೊಂದು ನಿಮಿಷ ವಿಚಾರಿಸಿದಳು. ನನಗೆ ಸಿಕ್ಕಿದ್ದು ಇಷ್ಟೇ: "ಕಂಬದಂಗ ಯಾಕ ನಿಂತೀಯೋ, ಅವಗ ನೀರ ಕೊಡು." ತಮ್ಮ ಶಾಸ್ತ್ರದ ಪ್ರಕಾರ ಇದು ಮೊದಲ ದರ್ಜೆಯ ಫಲಿತಾಂಶ. ತಾಯಿ ತಿರುಗಿಯೂ ನೋಡಲಿಲ್ಲವೆಂದು ಆನಂದಬಾಷ್ಪ ಸುರಿಸಿದವನು ನಾನೊಬ್ಬನೇ ಇರಬೇಕು.

ಆದರೆ ಮಾನ್ಯರೇ, ಕಳೆದ ಸೋಮವಾರ ಬೆಳಿಗ್ಗೆ ಅವ್ವ ನನ್ನನ್ನು ಬಹಳ ಹೊತ್ತು ನೋಡಿದಳು. ಹತ್ತಿರ ಬಂದು ಕುಳಿತಳು. "ಬರ್ರಿ, ಕೂಡ್ರಿ. ಯಾವ ಊರಾಯ್ತ್ರಿ ನಿಮ್ಮದು?" ಎಂದು ರೀ ಹಚ್ಚಿ ಮಾತಾಡಿಸಿದಳು. ಐವತ್ತೆರಡು ವರ್ಷದಲ್ಲಿ ನನಗೆ ಅವಳಿಂದ ಇಷ್ಟು ಮರ್ಯಾದೆ ಎಂದೂ ಸಿಕ್ಕಿರಲಿಲ್ಲ. ಬಾಯಿಗೆ ಬಂದದ್ದೊಂದು ಊರು ಹೇಳಿದೆ. ಆಕೆ ದನಿ ತಗ್ಗಿಸಿ, "ನನ್ನ ಮಗ ಒಬ್ಬವ ಅದಾನ್ರಿ, ಗಿರಣಿ ನಡಸ್ತಾನ, ಭಾಳ ಅಂಜುಬುರುಕ. ನನಗ ಎಲ್ಲಾ ಮರತು ಹೊಂಟೇದ ಅಂತ ಅವಗ ಹೇಳಬ್ಯಾಡ್ರಿ, ಊಟಾ ಬಿಡತಾನ" ಎಂದಳು. ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಸೀಸೆ ತೆಗೆದು, ಸ್ವಲ್ಪ ಬಾಯಿ ತೆಗೀರಿ ತಾಯಿ ಎಂದೆ. ಬಂದ ಅತಿಥಿಯ ಮಾತು ಮೀರಬಾರದೆಂದು ಆಕೆ ಸುಮ್ಮನೆ ಬಾಯಿ ತೆರೆದಳು. ಎರಡು ತಿಂಗಳಲ್ಲಿ ಮೊದಲ ಬಾರಿಗೆ ಎರಡೂ ಹನಿ ನಾಲಿಗೆಯ ಕೆಳಗೇ ಬಿದ್ದವು.

ನನ್ನ ದೂರು ಇಲ್ಲಿಂದ ಶುರು. ತಮ್ಮ ಪರೀಕ್ಷೆಯಲ್ಲಿ ಹೊಸ ಇಲಿಯನ್ನು ಎಷ್ಟು ಹೊತ್ತು ಮೂಸಿದಿರೆಂದು ಗಡಿಯಾರ ಹಿಡಿದು ಬರೆದುಕೊಂಡಿದ್ದಾರೆ, ಮೂಲೆಯಲ್ಲಿ ಕುಳಿತಿದ್ದ ಆ ಗುರುತಿನ ಇಲಿಗೆ ಏನನ್ನಿಸಿತೆಂದು ಮಾತ್ರ ಯಾರೂ ಕೇಳಿಲ್ಲ. ಆ ಮಹಾಶಯರ ಜಬಾನಿಯನ್ನು, ಅಂದರೆ ಹೇಳಿಕೆಯನ್ನು, ಬರೆಸಿ, ಪಂಜದ ಗುರುತು ಒತ್ತಿಸಿ ಕಳುಹಿಸಿಕೊಡಬೇಕು. ಸಾಧ್ಯವಾದರೆ ತಮ್ಮಲ್ಲಿ ಹಿರಿಯರೊಬ್ಬರು ಖುದ್ದಾಗಿ ಪುಣೆಗೆ ದಯಮಾಡಿಸಿ, ಅವ್ವನ ಎದುರು ಬಾಯಿ ತೆರೆದು ಎರಡು ಹನಿ ಕುಡಿದು ತೋರಿಸಬೇಕು. ಇಳಿಯಲು ಗಿರಣಿಯ ಮೂಲೆ ಇದೆ, ಬೆಕ್ಕನ್ನು ಮಧುಕರನ ಮನೆಗೆ ಕಳಿಸುತ್ತೇನೆ.

ಇದಕ್ಕಿಂತ ದೊಡ್ಡ ಪ್ರಶ್ನೆಗೂ ತಾವೇ ಉತ್ತರಿಸಬೇಕು. ಎಣ್ಣೆ ಫಲ ಕೊಟ್ಟು ಅವ್ವನಿಗೆ ನನ್ನ ಗುರುತು ಮರಳಿದರೆ, ಮರುದಿನ ನಾನು ಅವಳಿಗೆ ಮಗ, ಎಣ್ಣೆ ನೆತ್ತಿಗೆ. ಫಲ ಕೊಡದಿದ್ದರೆ ನಾನು ಅತಿಥಿ, ಎಣ್ಣೆ ಹೊಟ್ಟೆಗೆ. ಸೋಮವಾರದಿಂದ ನಾನು ದಿನಾ ಬೆಳಿಗ್ಗೆ ವಿಭೂತಿ ಒರೆಸಿಕೊಂಡು, ಚಪ್ಪಲಿ ಮೆಟ್ಟಿ ಹೊರಗೆ ಹೋಗಿ, ಅಪರಿಚಿತನಾಗಿ ಗಂಟೆ ಒತ್ತಿ ಒಳಗೆ ಬರುತ್ತಿದ್ದೇನೆ. ಬರ್ರಿ, ಕೂಡ್ರಿ ಅನ್ನುತ್ತಾಳೆ, ಔಷಧ ಕುಡಿಯುತ್ತಾಳೆ. ನಾನು ಮಾತ್ರ ಗಂಟೆಯ ಮೇಲೆ ಬೆರಳಿಟ್ಟ ಪ್ರತಿ ಸಲವೂ, ಇವತ್ತಾದರೂ ಬೈದು ಕೈ ಒಡ್ಡಲಿ ಎಂದೇ ಬೇಡಿಕೊಳ್ಳುತ್ತೇನೆ.

ತಮ್ಮ ವಿಶ್ವಾಸಿ, ಗುರುತಿನ ಇಲಿಯ ಪರವಾಗಿ,
ಮಾಂತು

ತಾ.ಕ.: ನಮ್ಮ ಗಿರಣಿಯ ಜೋಳದ ಚೀಲಗಳಿಗೆ ತೂತು ಕೊರೆಯುವ ತಮ್ಮ ಬಂಧುಗಳಿಗೆ ಯಾವ ಡಾಕ್ಟರೂ ಯಾವ ಎಣ್ಣೆಯನ್ನೂ ಬರೆದುಕೊಟ್ಟಿಲ್ಲ, ಆದರೂ ಚೀಲವನ್ನು ಏಳು ಜಾಗಕ್ಕೆ ಬದಲಿಸಿದರೂ ಅವರು ಒಂದು ದಿನವೂ ದಾರಿ ತಪ್ಪಿಲ್ಲ. ನೆನಪಿನ ವಿಷಯದಲ್ಲಿ ಮೊದಲು ನೆರವು ಬೇಕಾದದ್ದು ಇಲಿಗಳಿಗೆ ಎಂದು ಯಾವ ಪುಣ್ಯಾತ್ಮನಿಗೆ ಹೊಳೆಯಿತೋ, ಅವನ ವಿಳಾಸವನ್ನೂ ಜೊತೆಗೆ ಕಳುಹಿಸಿಕೊಡಬೇಕು.