ಬೋಗಾಣಿ ಹಿಡಿದ ದೊರಿ

ಬಳ್ಳಾರ್ಯಾಗ ಮಿಷನ್ ದೊರಿಗೆ ನಾನು ಬಂಡಿ ಹೊಡೀತಿದ್ದೆ. ದೊಡ್ಡ ಯುದ್ಧ ಮುಗಿದ ಹೊಸತರಾಗ ಬಂದವರು, ಮೆನೊನೈಟ್ ಅನ್ನೋ ಕಿರಿಸ್ತಾನರ ಪಂಗಡ. ಬಡಿದಾಡಂಗಿಲ್ಲ, ಆಣಿ ಮಾಡಂಗಿಲ್ಲ. ಇಂಥವರು ಸಿರುಗುಪ್ಪದಾಗ ಪ್ರಾರ್ಥನಿ ಮನಿ ಕಟ್ಟಾಕ ಹೊಂಟ್ರ ತಮಾಷಿ ಆಗದೇ ಇರ್ತೈತೇನು? ನಗಬೇಕೋ ಕೈ ಮುಗೀಬೇಕೋ, ನನಗ ಇವತ್ತಿಗೂ ತಿಳಿದಿಲ್ಲ.

ಆಣಿ

ಯಾರದೋ ಎತ್ತು ಯಾರದೋ ಹೊಲ ಮೇದಿತ್ತು. ದೊರಿ ಕಣ್ಣಾರೆ ಕಂಡಿದ್ರು, ಬಳ್ಳಾರಿ ಕೋರ್ಟಿಗೆ ಸಾಕ್ಷಿಗೆ ಕರೆದ್ರು. ಗುಮಾಸ್ತ ಬೈಬಲ್ ಹಿಡಿದು, "ಮುಟ್ಟಿ ಆಣಿ ಮಾಡ್ರಿ" ಅಂದ.

"ಆಣಿ ಮಾಡಬ್ಯಾಡ್ರಿ ಅಂತ ಇದರಾಗೇ ಐತ್ರಿ" ಅಂದ್ರು ದೊರಿ.

ಮ್ಯಾಜಿಸ್ಟ್ರೇಟರು ಗರಂ ಆದ್ರು. "ಹಂಗಾದ್ರ ಖರೆ ಹೇಳಾಕ ಮನಸಿಲ್ಲೇನ್ರಿ?"

"ದಿನಾ ಖರೇನ ಹೇಳ್ತೀನ್ರಿ. ಇವತ್ತೊಂದಿನ ಆಣಿ ಮಾಡಿದ್ರ, ಉಳಿದ ದಿನ ಹೇಳಿದ್ದಕ್ಕ ಮಂದಿ ಏನಂದಾರು?"

ಮ್ಯಾಜಿಸ್ಟ್ರೇಟರು ಆಣಿ ಬಿಟ್ಟು ಬರೇ ಮಾತಿನ ಮ್ಯಾಲೇ ಸಾಕ್ಷಿ ತಗೊಂಡ್ರು. ಹೊರಗ ಒಬ್ಬ ವಕೀಲರು ನನ್ನ ತರುಬಿ, "ಇವರನ್ನ ಮತ್ತ ಇತ್ತಾಗ ಕರ್ಕೊಂಡು ಬರಬ್ಯಾಡಪ್ಪಾ, ನಮ್ಮ ಹೊಟ್ಟಿ ಮ್ಯಾಲೆ ಹೊಡೀತಾರ" ಅಂದ್ರು.

ಕುರುಗೋಡಿನ ಕಲ್ಲು

ಕುರುಗೋಡಿಗೆ ಹೋದಾಗ ಯಾರೋ ಪುಂಡರು ನಮ್ಮ ಬಂಡಿಗೆ ಕಲ್ಲು ಒಗೆದ್ರು. ನಾನು ಬಾರಕೋಲು ಎತ್ತಿದೆ. ದೊರಿ ನನ್ನ ಕೈ ಹಿಡಿದ್ರು, ಕೆಳಗಿಳಿದ್ರು, ಬಿದ್ದ ಕಲ್ಲೆಲ್ಲಾ ಆರಿಸಿ ಬಂಡ್ಯಾಗ ತುಂಬಾಕ ಹತ್ತಿದ್ರು.

"ಏನ್ರೀ ಇದು?"

"ಸಿರುಗುಪ್ಪದ್ದು ಎರಿ ಭೂಮಿ. ಪಾಯಕ್ಕ ಕಲ್ಲು ಸಿಗವಲ್ಲದು."

ಊರಿನ ಗೌಡ್ರಿಗೆ ಸುದ್ದಿ ಮುಟ್ಟಿ ನಾಚಿಕಿ ಆತು. ಮರುದಿನ ತಮ್ಮ ಬಂಡ್ಯಾಗ ಚಪ್ಪಡಿ ಕಲ್ಲು ಹೇರಿ ಕಳಿಸಿದ್ರು. ನಾನು ಬೆರಗಾಗಿ ನಿಂತಿದ್ರ ದೊರಿ ಕೇಳ್ತಾರ: "ಆ ಹುಡುಗರು ಮತ್ತ ಯಾವಾಗ ಒಗೀತಾರಂತ?"

ತೊಲಿ

ಪ್ರಾರ್ಥನಿ ಮನಿ ಗ್ವಾಡಿ ಎದ್ದವು, ಮ್ಯಾಲೆ ಮಾಳಿಗಿ ಹೊದಿಸೋದು ಉಳೀತು. ಗೌಂಡಿಗಳು ದೇಶನೂರಿನ ಅಣ್ಣ-ತಮ್ಮ. ಗದ್ದಿಗೆ ಕಾಲುವೆ ನೀರು ಯಾರು ಮೊದಲ ಬಿಟ್ಕೋಬೇಕು ಅಂತ ಜಗಳಾಡಿ ಮಾತು ಬಿಟ್ಟಿದ್ರು. ಒಂದೇ ಗ್ವಾಡಿ ಮ್ಯಾಲೆ ಕುಂತು, "ಅವನಿಗೆ ಸುಣ್ಣ ಕೊಡಾಕ ಹೇಳು" ಅಂತ ನನಗ ಹೇಳೋರು! ನಡುವಿನ ತೊಲಿ ಏರಿಸಾಕ ಇಬ್ಬರೂ ಕೂಡಬೇಕು. ಕೂಡವಲ್ಲರು. ಮ್ಯಾಲೆ ಮುಂಗಾರಿನ ಮೋಡ. ಮಳಿ ಹೊಡೆದ್ರ ಮಣ್ಣಿನ ಗ್ವಾಡಿ ಕುಂತೇಬಿಡ್ತಿದ್ದವು.

ದೊರಿ ಇಬ್ಬರನ್ನೂ ಕಟ್ಟಿ ಮ್ಯಾಲೆ ಕುಂದ್ರಿಸಿದ್ರು. ನಡಕ್ಕ ಟವೆಲ್ಲು ಸುತ್ತಿ, ಬೋಗಾಣ್ಯಾಗ ನೀರು ತಂದು, ನೆಲಕ್ಕ ಮಂಡಿಯೂರಿ ಅಣ್ಣನ ಕಾಲು ತೊಳ್ಯಾಕ ಹತ್ತಿದ್ರು. ಗಾರಿ ಮೆತ್ತಿದ ಗೌಂಡಿ ಕಾಲು, ತೊಳಿಯಾವರು ಬಿಳಿ ದೊರಿ!

"ಅಯ್ಯಯ್ಯೋ, ಪಾಪ ಹತ್ತತೈತ್ರಿ, ಬಿಡ್ರಿ!" ಅಂತ ಅಣ್ಣ ಒದರಿದ.

"ಪ್ರಾರ್ಥನಿ ಮನ್ಯಾಗ ಪ್ರಭುವಿನ ಊಟಕ್ಕ ಕುಂದ್ರೋ ಮುಂದ ನಾವು ಒಬ್ಬರ ಕಾಲು ಒಬ್ಬರು ತೊಳೀತೀವಪ್ಪಾ" ಅಂತ ತಮ್ಮನ ಕಾಲೂ ತೊಳೆದ್ರು. "ಈಗ ನೀವಿಬ್ಬರೂ."

"ನಾನು ಹಿರಿಯಾ. ಅವನ ಕಾಲು ಹಿಡೀಲೇನು?" ಅಂದ ಅಣ್ಣ.

"ತಪ್ಪು ಅವಂದು" ಅಂದ ತಮ್ಮ.

"ಹಂಗಾರ ನಾ ತೊಳೆದಿದ್ದೇ ಸರಿಯಾಗಿಲ್ಲ" ಅಂತ ದೊರಿ ಹೊಸಾ ನೀರು ತಂದು ಮೊದಲಿಂದ ಚಾಲೂ ಮಾಡಿದ್ರು. ಮುಗಿಸಿದ್ರು, ಮತ್ತ ತಂದ್ರು. ಬೆವರು ಸುರೀತಿತ್ತು, ಬಿಡವಲ್ಲರು. ಸಿರುಗುಪ್ಪದ ಅರ್ಧ ಊರು ಬಂದು ನೋಡ್ಕೋತ ನಿಂತಿತ್ತು.

ಕಡೀಕ ಅಣ್ಣ ತಡೀಲಾರದೆ ಬೋಗಾಣಿ ಕಸಗೊಂಡ. "ಲೇ ತಮ್ಮಾ, ಕಾಲು ಕೊಡಲೇ! ಇಲ್ಲಂದ್ರ ಈ ಪುಣ್ಯಾತ್ಮ ನಮ್ಮ ಚರ್ಮಾನೇ ಸುಲೀತಾನ!"

ತಿಂಗಳಾನುಗಟ್ಟಲೆ ಆಗಿತ್ತು, ಅವರು ಮಾತಾಡಿ. ತಮ್ಮನ ಕಾಲು ಕೈಯಾಗ ಹಿಡಿದ ಕೂಡಲೇ ಅಣ್ಣನ ಕಣ್ಣಾಗ ನೀರು ಬಂದ್ವು. ನಾನೂ ಅತ್ತೆ, ಸುಳ್ಳ್ಯಾಕ ಹೇಳಲಿ.

ತಮ್ಮ ಮೂಗು ಒರೆಸ್ಕೊಂಡು, "ಅಣ್ಣಾ, ಕಾಲುವೆ ನೀರು ನೀನೇ ಮೊದಲ ಬಿಟ್ಕೊ. ಈ ಬೋಗಾಣಿ ನೀರು ಮಾತ್ರ ಸಾಕು ಮಾಡ್ಸು ಮಾರಾಯಾ!" ಅಂದ.