ಕಂಬದೊಳಗಿನ ಹುಡುಗಿಯ ಹಾಜರಿ

ಹಾಜರಿ ಪುಸ್ತಕ ಹಿಡಿದವನಿಗೆ ಇಂಥ ಪ್ರಸಂಗಗಳಿಗೇನು ಬರ ಹೇಳಿ? ದಿನಕ್ಕೊಂದು ಆಗ್ತಲೇ ಇರ್ತವೆ. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಹಳೇಬೀಡಿನ ಮಗ್ಗುಲಲ್ಲೇ ಒಂದು ಹಳ್ಳಿಗೆ ಮೇಷ್ಟ್ರಾಗಿದ್ದೆ. ಹೆಂಚಿನ ಶಾಲೆ, ಒಂದೇ ಕೋಣೆ, ಕಿಟಕಿ ತುಂಬ ಕೆರೆ. ಹನ್ನೊಂದು ಗಂಟೆ ಹೊತ್ತಿಗೆ ನೀರಿನ ಮೇಲಿನ ಬಿಸಿಲು ಒಳಗೆ ಬಂದು ಗೋಡೆ ಮೇಲೆ ಕುಣಿಯೋದು. ಅದನ್ನು ನೋಡ್ತಾ ನೋಡ್ತಾ, ಮಗ್ಗಿ ಹೇಳೋ ಮಕ್ಕಳ ದನಿ ಎಲ್ಲೋ ದೂರದಿಂದ ಬಂದ ಹಾಗಾಗಿ, ನಾನೇ ಅರ್ಧ ಕನಸಿಗೆ ಜಾರಿಬಿಡ್ತಿದ್ದೆ. ಸುಳ್ಳು ಯಾಕೆ ಹೇಳಲಿ?

ಮನಸ್ಸೊಂದೇ ಕೆರೆ ಕಡೆ ಹೋದರೆ ಹಾಜರಿಗೆ ತೊಂದರೆಯಿಲ್ಲ. ನಮ್ಮ ಮಕ್ಕಳು ಮನಸ್ಸಿನ ಜೊತೆ ಮೈಯನ್ನೂ ಕರ್ಕೊಂಡು ಹೋಗೋವು. ಅದೇ ಪಜೀತಿ.

ಅರ್ಧ ಕ್ರಾಪು

ಒಂದು ಸಂಜೆ ಊರವರನ್ನೆಲ್ಲ ಅರಳಿಕಟ್ಟೆಗೆ ಸೇರಿಸಿ, "ನನ್ನೊಬ್ಬನ ಕೈಲಿ ಆಗೋದಿಲ್ಲ ಕಣ್ರೀ, ನೀವೂ ಕೈ ಹಾಕಿ" ಅಂದೆ. ಊರ ಯಜಮಾನರು ಗಂಟಲು ಸರಿ ಮಾಡಿಕೊಂಡು ತೀರ್ಮಾನ ಕೊಟ್ಟರು: "ಯಾವ ಮನೆಯೋರು ಚಕ್ಕರ್ ಹೊಡೀತಾರೋ, ಆ ಮನೆಯೋರೇ ಹುಡುಕಿ ಕೈ ಹಿಡ್ಕೊಂಡು ಇಸ್ಕೂಲಿಗೆ ತಂದು ಬಿಡಬೇಕು. ಇದ್ರಲ್ಲಿ ದೊಡ್ಡೋರು ಚಿಕ್ಕೋರು ಅಂತಿಲ್ಲ, ಎಲ್ಲಾರೂ ಒಂದೇ."

"ನಂದೂ ಒಂದು ಸೇವೆ ಇರ್ಲಿ ಸಾ" ಅಂದ ಕಟಿಂಗ್ ಶಾಪಿನವನು.

ಏನು ಸೇವೆ ಅಂತ ಮಾರನೇ ದಿನ ಗೊತ್ತಾಯ್ತು. ಕಟಿಂಗ್ ನೆಪದಲ್ಲಿ ಶಾಲೆ ತಪ್ಪಿಸಿದ್ದ ನಾಲ್ಕು ಹುಡುಗರಿಗೆ ಅವನು ಅರ್ಧ ತಲೆ ಮಾತ್ರ ಕತ್ತರಿಸಿ, "ಮಿಕ್ಕಿದ್ದು ಸಂಜೆ ಗಂಟೆ ಹೊಡೆದ ಮೇಲೆ, ನಡೀಲಾ" ಅಂತ ಅಟ್ಟಿಬಿಟ್ಟಿದ್ದ. ಅಂಥ ತಲೆ ಹೊತ್ತು ಬೀದಿ ಅಲೆಯೋಕೆ ಆಗುತ್ತಾ? ನಾಲ್ಕೂ ಜನ ಓಡಿಬಂದು ಹಿಂದಿನ ಸಾಲಲ್ಲಿ ಗೋಡೆಗೆ ಅಂಟಿಕೊಂಡು ಕೂತರು.

ಒಂದು ವಾರ ಚೆನ್ನಾಗೇ ನಡೀತು. ಆಮೇಲೊಂದು ಬೆಳಿಗ್ಗೆ ಯಜಮಾನರೇ ತಲೆಗೆ ಟವೆಲ್ ಸುತ್ತಿಕೊಂಡು ಶಾಲೆ ಬಾಗಿಲಿಗೆ ಬಂದರು.

"ಅರಸೀಕೆರೆ ಬಸ್ಸಿಗೆ ಹೊತ್ತಾಯ್ತು ಮೇಷ್ಟ್ರೇ. ಆ ಬಡ್ಡೀಮಗ ಅರ್ಧಕ್ಕೆ ನಿಲ್ಲಿಸಿ, 'ನೀವೇ ಅಂದಿದ್ರಲ್ಲಾ ಎಲ್ಲಾರೂ ಒಂದೇ ಅಂತ' ಅಂತಾನೆ. ನಿಮ್ಮ ದಮ್ಮಯ್ಯ, ಒಂದು ಸಲ ಗಂಟೆ ಹೊಡೆದುಬಿಡಿ!"

ಕಂಬದೊಳಗಿನವಳು

ಕ್ರಾಪಿಗೆ ಸಿಗದವಳು ಒಬ್ಬಳಿದ್ದಳು. ಮೂರನೇ ಕ್ಲಾಸಿನ ಹುಡುಗಿ. ಅಪ್ಪ ಅಮ್ಮ ಬಿಕ್ಕೋಡಿನ ಕಡೆ ಎಸ್ಟೇಟಿನಲ್ಲಿ ಕೂಲಿ, ಇವಳು ಊರಲ್ಲಿ ಅಜ್ಜಿ ಜೊತೆ. ಬೆಳಿಗ್ಗೆ ಮನೆ ಬಿಡೋಳು, ಶಾಲೆ ಸೇರ್ತಿರಲಿಲ್ಲ.

ಹುಡುಕಿಕೊಂಡು ಹೋದೆ. ಬಸದಿ ಹತ್ತಿರ ಅಂಗಡಿ ಇಟ್ಟಿದ್ದ ಶೆಟ್ಟರು, "ಒಳಗೆ ಹೋಗಿ ನೋಡಿ ಮೇಷ್ಟ್ರೇ, ದಿನಾ ಬರ್ತಾಳೆ" ಅಂದರು. ಒಳಗೆ ತಣ್ಣಗಿತ್ತು. ಕನ್ನಡಿ ಹಾಗೆ ನುಣುಪಾದ ಕರೀ ಕಂಬವೊಂದರ ಮುಂದೆ ಹುಡುಗಿ ಕೈ ಎತ್ತಿ, ಕತ್ತು ಓರೆ ಮಾಡಿ, ಅದರಲ್ಲಿ ಕಾಣೋ ತನ್ನ ಬಿಂಬದ ಜೊತೆ ಪಿಸುಪಿಸು ಮಾತಾಡ್ತಾ ನಿಂತಿದ್ದಳು. ಎಷ್ಟು ಚೆಂದ ಇತ್ತು ಅಂದರೆ ಬೈಯೋದೇ ಮರೆತುಹೋಯ್ತು.

"ಇಸ್ಕೂಲಿಗೆ ಯಾಕೆ ಬರಲಿಲ್ಲವೇ?"

"ಇದ್ರೊಳಗೆ ಒಬ್ಬಳು ಅವಳೆ ಸಾ. ಅವಳು ಹೋದ್ರೆ ನಾನೂ ಹೋಯ್ತೀನಿ. ಅವಳು ಹೋಗಾಕಿಲ್ಲ."

ನಾನೂ ಬಗ್ಗಿ ನೋಡಿದೆ. ಕಂಬದೊಳಗೆ ಕೊಡೆ ಹಿಡಿದ ಮೇಷ್ಟ್ರೊಬ್ಬರು ನಿಧಾನಕ್ಕೆ ತೇಲಿಬಂದರು. ನೋಡ್ತಾ ನಿಂತುಬಿಟ್ಟೆ. ಎಷ್ಟು ಹೊತ್ತೋ!

ಹುಡುಗಿ ನನ್ನ ಪಂಚೆ ಎಳೆದು ಮೆಲ್ಲಗೆ ಅಂದಳು: "ಅವರೂ ಇಸ್ಕೂಲಿಗೆ ಹೋಗಿಲ್ಲ ಸಾ."

ಪೆನ್ಸಿಲ್ಲಲ್ಲಿ ಬರೆದ ಹೆಸರು

ವಿಷಯ ಅವಳ ಅಪ್ಪನ ಕಿವಿಗೂ ಬಿತ್ತು. ಭಾನುವಾರ ಊರಿಗೆ ಬಂದವನು ನನ್ನೆದುರೇ ತನ್ನ ಅವ್ವನಿಗೆ ಅಂದ: "ಓದದೋಳು ಇಲ್ಲಿದ್ದು ಏನ್ಮಾಡ್ತಾಳೆ? ನಾಳೆ ಬಿಟ್ಟು ಮುಂದಿನ ಸೋಮವಾರ ಬತ್ತೀನಿ. ಮೇಷ್ಟ್ರ ಪುಸ್ತಕದಲ್ಲಿ ಒಂದು ದಿನ ತಪ್ಪಿದ್ರೂ ಕಾಫಿ ಹಣ್ಣು ಕುಯ್ಯೋಕೆ ಕರ್ಕೊಂಡು ಹೋಯ್ತೀನಿ."

ಅಜ್ಜಿ ಮುಖ ಬಾಡಿಹೋಯ್ತು. "ನಮ್ಮ ಮನೇಲಿ ಹೆಬ್ಬೆಟ್ಟು ಒತ್ತಿದ್ದು ಸಾಕು ಸಾ, ಇವಳೊಬ್ಬಳಾದ್ರೂ ಹೆಸರು ಬರೀಲಿ" ಅಂತ ಕಣ್ಣೊರೆಸಿಕೊಂಡಿತು. ನನಗೂ ಸಂಕಟವಾಯ್ತು.

ಮಾರನೇ ದಿನದಿಂದ ಅಜ್ಜಿ ಮೊಮ್ಮಗಳ ಕೈ ಹಿಡಿದು ತಂದು, ಬಿಟ್ಟರೆ ಓಡ್ತಾಳೆ ಅಂತ ಕ್ಲಾಸಿನಲ್ಲೇ ಪಕ್ಕಕ್ಕೆ ಕೂತಿತು. ಸುಮ್ಮನೆ ಯಾಕೆ ಅಂತ ಒಂದು ಸ್ಲೇಟು ಕೊಟ್ಟೆ. ಹಾಜರಿ ಕೂಗಿದರೆ ತಾನೂ "ಬಂದಿವ್ನಿ ಸಾ" ಅನ್ನೋದು. ಪುಸ್ತಕದ ಕೊನೆಗೆ ಪೆನ್ಸಿಲ್ಲಲ್ಲಿ ಅಜ್ಜಿ ಹೆಸರೂ ಸೇರಿಸಿದೆ. ಶನಿವಾರ, "ಹೆಸರನ್ನ ಹತ್ತು ಸಲ ಕಾಪಿ ಬರ್ಕೊಂಡು ಬಾ ಅಜ್ಜಿ" ಅಂದೆ.

ಸೋಮವಾರ ಅಪ್ಪ ಬಂದೇಬಿಟ್ಟ. ಪುಸ್ತಕ ತೆಗೆದು ಅವನೆದುರೇ ಬೆರಳಿಟ್ಟು ಓದಿದೆ. ವಾರ ಪೂರ್ತಿ ಹುಡುಗಿ ಹಾಜರು, ಅವತ್ತೂ ಹಾಜರು.

"ಹಂಗಾರೆ ಯಾರೂ ತಪ್ಪಿಸಿಲ್ವಾ ಸಾ?" ಅಂದ.

ಹುಡುಗಿ ಎದ್ದು ನಿಂತಳು. "ಅಜ್ಜಿ ಚಕ್ಕರ್ ಹೊಡ್ದವಳೆ ಸಾ! ಬಾಗಿಲಗಂಟ ಬಂದು ಓಡೋದ್ಲು."

"ಅವರ ಮನೆಯೋರೇ ಹುಡುಕಿ ತರಬೇಕು!" ಅಂತ ಇಡೀ ಕ್ಲಾಸು ಕೂಗಿತು. ಊರ ತೀರ್ಮಾನ ತಾನೇ? ಅಪ್ಪ ಪೆಚ್ಚಾದ. ಮಗಳೇ, "ಬಾಪ್ಪಾ, ಎಲ್ಲಿರ್ತಾಳೆ ಅಂತ ನಂಗೊತ್ತು" ಅಂತ ಬಸದಿ ಕಡೆ ಎಳೆದುಕೊಂಡು ಹೋದಳು. ಅರ್ಧ ಗಂಟೆಗೆ ಅಪ್ಪ ಒಂದು ಕೈ, ಮಗಳು ಒಂದು ಕೈ ಹಿಡಿದು ಅಜ್ಜಿಯನ್ನು ತಂದು ನಿಲ್ಲಿಸಿದರು.

"ಏನವ್ವಾ ಇದು?" ಅಂದ ಮಗ.

ಅಜ್ಜಿ ತಲೆ ತಗ್ಗಿಸಿತು. "ಕಾಪಿ ಮುಗ್ದಿರ್ನಿಲ್ಲ ಕಣಪ್ಪ. ಮೇಷ್ಟ್ರು ಬೈತಾರೆ ಅಂತ..."

ಸೆರಗಿನ ಮರೆಯಿಂದ ಸ್ಲೇಟು ಈಚೆ ಬಂತು. ಸೊಟ್ಟ ಸೊಟ್ಟ ಅಕ್ಷರದ ನಾಲ್ಕು ಸಾಲು. ಅವನಿಗೆ ಓದೋಕೆ ಬರೋದಿಲ್ಲ. "ಏನೇ ಮಗಾ ಇದು?" ಅಂತ ಮಗಳನ್ನ ಕೇಳಿದ.

"ನಿಮ್ಮವ್ವನ ಹೆಸರು ಕಣಪ್ಪ."

ಸ್ಲೇಟನ್ನ ಕಿಟಕಿ ಬೆಳಕಿಗೆ ಹಿಡಿದು, ಅಕ್ಷರ ಅಳಿಸದ ಹಾಗೆ ಮೆಲ್ಲಗೆ ಬೆರಳಾಡಿಸಿದ. ಗೋಡೆ ಮೇಲೆ ಕೆರೆಯ ಬಿಸಿಲು ಕುಣೀತಿತ್ತು. ಆಮೇಲೆ ಮೂಗೊರೆಸಿಕೊಂಡು ಮಗಳಿಗೆ ಅಂದ: "ನೀನು ಇಲ್ಲೇ ಇದ್ದು ದಿನಾ ನಿಮ್ಮಜ್ಜೀನ ಕೈ ಹಿಡ್ಕೊಂಡು ಇಸ್ಕೂಲಿಗೆ ಕರ್ಕೊಂಡು ಬಾ, ಬಿಟ್ಟೀಯ ಮತ್ತೆ! ಇನ್ನೊಂದು ಸಲ ತಪ್ಪಿಸ್ಕೊಂಡ್ರೆ ಕಾಫಿ ಹಣ್ಣು ಕುಯ್ಯೋಕೆ ಅವಳ್ನೇ ಕರ್ಕೊಂಡು ಹೋಯ್ತೀನಿ!"